ಬಾಣಂತಿ ಕೋಣೆಯ ಗೋಡೆ

೧೯೫೮ನೇ ಇಸವಿ ಜುಲೈ ೧೧, ಶುಕ್ರವಾರ, ಬೆಳಿಗ್ಗೆ ಆರೂವರೆ. ಅಕ್ಕನ ಮಗುವಿಗೆ ಬಟ್ಟೆ ತೆಗೆಯಲೆಂದು ಒಳಕೋಣೆಯ ಟ್ರಂಕನ್ನು ಗೋಡೆಯಿಂದ ಈಚೆಗೆ ಎಳೆದೆ. ಅದರ ಹಿಂದೆ ಸುಣ್ಣದ ಮೇಲೆ ಅಂಗೈಯಗಲ ಬೂಷ್ಟು ಹಿಡಿದಿತ್ತು. ನಡುವೆ ಕಪ್ಪು, ಅಂಚಿಗೆ ಹಸಿರು. ಬಟ್ಟೆ ಮೂಸಿದೆ, ಮುಗ್ಗಲು ವಾಸನೆ. ಒಲೆಯಿಂದ ಇದ್ದಿಲ ಚೂರು ತಂದು ಬೂಷ್ಟಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದೆ. ಆಗ ನನಗೆ ಹದಿನೆಂಟು. ತಾರೀಖು ಹಾಕದಿದ್ದರೆ ಯಾವ ಸಂಗತಿಯೂ ನಡೆದದ್ದೇ ಅಲ್ಲ ಎನ್ನುವ ವಯಸ್ಸು.

ನಮ್ಮ ಮನೆ ಇರುವುದು ಹೊಳೆನರಸೀಪುರದಲ್ಲಿ, ಹೊಳೆಯ ಕಡೆಗೆ ಇಳಿಯುವ ಬೀದಿಯ ಕೊನೆಗೆ. ಮಣ್ಣಿನ ಗೋಡೆ, ನಾಡಹಂಚು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದು, ಗಂಡುಮಗು ಹೆತ್ತು ಹತ್ತು ದಿನವಾಗಿತ್ತು. ಅವಳಿಗೆ ಕೆಮ್ಮು ಹಿಡಿದಿತ್ತು. ಮಗುವಿಗೆ ಮೂಗು ಕಟ್ಟಿ, ಎರಡು ಗುಟುಕು ಹಾಲು ಕುಡಿದು ಮೊಲೆ ಬಿಟ್ಟು ಅಳುತ್ತಿತ್ತು. ಉಸಿರಾಡುವಾಗ ಅದರ ಎದೆಯಲ್ಲಿ ಸಣ್ಣಗೆ ಗೊರಗೊರ ಸದ್ದು. ನನಗೆ ಭಯವಾದದ್ದು ಆ ಸದ್ದಿಗೆ.

ಕೋಣೆಯ ಯಜಮಾನಿಕೆ ಅಜ್ಜಿಯದು. ಬಾಣಂತಿಗೆ ಗಾಳಿ ಸೋಕಬಾರದು ಎಂದು ಕಿಟಕಿಗೆ ಗೋಣಿತಾಟು ಬಡಿಸಿದ್ದಳು. ಬಚ್ಚಲಿಗೆ ಹೋಗಿಬರುವಾಗಲೂ ಗಾಳಿ ತಗಲಬಹುದೆಂದು ಎಣ್ಣೆನೀರಿನ ಸ್ನಾನವನ್ನು ಕೋಣೆಯ ಮೂಲೆಯಲ್ಲೇ ಮಾಡಿಸುತ್ತಿದ್ದಳು. ಕುದಿನೀರನ್ನು ಕೊಡದಲ್ಲಿ ತಂದು ಸುರಿಯುವುದು, ನೀರು ಗೋಡೆಯ ಬುಡದ ತೂಬಿನಿಂದ ಬೀದಿಗೆ ಹೋಗುವುದು. ಆಮೇಲೆ ತೂಬಿಗೂ ಬಟ್ಟೆ ತುರುಕುವುದು. ಹೊರಗೆ ಸೋನೆಮಳೆ, ಹಾಗಾಗಿ ಮಗುವಿನ ಒದ್ದೆ ಬಟ್ಟೆಗಳೂ ಕೋಣೆಯೊಳಗೇ ಹಗ್ಗದ ಮೇಲೆ. ಮಡಿಗೆಂದು ದಿನವೂ ಸಗಣಿ ನೀರಿನ ಸಾರಣೆ ಬೇರೆ. ಅಷ್ಟೂ ನೀರಿನ ಹಬೆ, ತೇವ ಒಳಗೇ ಸೇರುತ್ತಿತ್ತು, ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಗೋಡೆ ತೋರಿಸಿದೆ. ಅಜ್ಜಿ ಸೆರಗಿನಿಂದ ಒರೆಸಿದಳು, ನನ್ನ ಗೆರೆಯೂ ಅಳಿಸಿಹೋಯಿತು.

"ಗೋಡೆ ಅಂದ್ಮೇಲೆ ಬೆವರ್ತದೆ ಕಣೇ. ನೀನು ಬೆವರಾಕಿಲ್ವಾ?"

"ನಾನು ಬೆವತರೆ ಬೂಷ್ಟು ಬರಲ್ಲ ಅಜ್ಜಿ."

"ಇಂಗೇ ಸೋಂಬೇರಿಯಾಗಿ ಕುಂತಿರು, ಅದೂ ಬತ್ತದೆ."

ಅಕ್ಕ ನಕ್ಕಳು. ನಕ್ಕದ್ದೇ ಕೆಮ್ಮಾಗಿ, ಕಣ್ಣಲ್ಲಿ ನೀರು ಬಂತು. "ನಮ್ಮತ್ತೆ ಮನೇಲಿ ಧೂಳು ಕಣೇ," ಎಂದಳು ನನಗೆ. "ಆದ್ರೆ ಧೂಳನ್ನ ಕೊಡವಬೋದು. ಇಲ್ಲಿ ಏನ ಕೊಡವ್ಲಿ ಹೇಳು."

ಮಾತಿಗಿಂತ ಕಣ್ಣಿಗೆ ಕಾಣುವುದು ಬೇಕು ಎಂದುಕೊಂಡೆ. ಮೂರು ಬಟ್ಟಲಲ್ಲಿ ಒಂದೇ ಅಳತೆಯ ಕಲ್ಲುಪ್ಪು ಹಾಕಿ, ಒಂದನ್ನು ನಡುಮನೆಯಲ್ಲಿ, ಒಂದನ್ನು ಅಡುಗೆಮನೆಯ ಅಟ್ಟದ ಮೇಲೆ, ಒಂದನ್ನು ಅಕ್ಕನ ಮಂಚದ ಕೆಳಗೆ ಇಟ್ಟೆ. ಮರುದಿನ ಬೆಳಿಗ್ಗೆ ಅಟ್ಟದ ಉಪ್ಪು ಗರಿಗರಿಯಾಗಿತ್ತು, ನಡುಮನೆಯದು ತುಸು ಒದ್ದೆ, ಮಂಚದ ಕೆಳಗಿನದು ಅರ್ಧ ನೀರು. ಬಟ್ಟಲುಗಳನ್ನು ಸಾಲಾಗಿ ಜೋಡಿಸಿ ಅಜ್ಜಿಯನ್ನು ಕರೆದೆ. ಇನ್ನು ಅವಳ ಬಳಿ ಉತ್ತರವಿರುವುದಿಲ್ಲ ಎಂದು ನಂಬಿದ್ದೆ.

ಅಜ್ಜಿ ಮೂರನೆಯ ಬಟ್ಟಲನ್ನು ನೋಡಿ ಎದೆ ಮುಟ್ಟಿಕೊಂಡಳು.

"ನಾನು ಯೋಳಿರ್ಲಿಲ್ವಾ? ಕೂಸಿಗೆ ಕಣ್ಣು ತಾಕ್ಯದೆ. ಎಂಗೆ ನೀರು ಮಾಡ್ಬುಟ್ಟದೆ ನೋಡು ಉಪ್ಪ."

ಉಪ್ಪು ಮೆಣಸಿನಕಾಯಿ ನಿವಾಳಿಸಿ, ಬಾಣಂತಿಯ ಕಾವಿಗೆಂದು ಮಂಚದ ಪಕ್ಕ ಇಟ್ಟಿದ್ದ ಅಗ್ಗಿಷ್ಟಿಕೆಯ ಕೆಂಡಕ್ಕೆ ಹಾಕಿದಳು. ಮುಚ್ಚಿದ ಕೋಣೆಯಲ್ಲಿ ಆ ಘಾಟು ಎಲ್ಲಿಗೆ ಹೋಗಬೇಕು? ಅಕ್ಕ ಮಂಚದ ಮೇಲೆ ಎದ್ದು ಕೂತು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಗ್ಗಿದಳು. ಮಗುವಿನ ಅಳು ನಡುವೆ ಒಮ್ಮೆ ನಿಂತುಹೋಯಿತು. ಒಂದು ಕ್ಷಣವಷ್ಟೇ. ಮತ್ತೆ ಶುರುವಾಯಿತು. ನಾನು ತೋರಿಸಲೆಂದು ಇಟ್ಟ ಉಪ್ಪೇ ಅದಕ್ಕೆ ಹೊಗೆ ಹಾಕಿಸಿತ್ತು.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಹಿತ್ತಲಿನ ಏಣಿಯನ್ನು ಗೋಡೆಗೆ ಒರಗಿಸಿ, ಸೀರೆ ಎತ್ತಿ ಕಟ್ಟಿ, ಮಾಡು ಹತ್ತಿದೆ. ಅಜ್ಜಿ ಕಿಟಕಿಗೆ ಕಾವಲಿರಬಲ್ಲಳು, ಮಾಡು ಹತ್ತಲಾರಳು. ಮೇಲ್ತುದಿಯ ಸಾಲಿನಲ್ಲಿ ನಾಲ್ಕು ಹಂಚನ್ನು ಒಂದೊಂದಾಗಿ ಎತ್ತಿ, ಅಡಿಗೆ ತೆಂಗಿನ ಚಿಪ್ಪಿನ ತುಂಡು ಕೊಟ್ಟೆ. ಮಳೆ ಒಳಗೆ ಬೀಳುವಷ್ಟು ಸಂದಿ ಅಲ್ಲ, ಹಬೆ ಹೊರಗೆ ಹೋಗುವಷ್ಟು. ನೋಡುನೋಡುತ್ತಿದ್ದಂತೆ ಮೆಣಸಿನಕಾಯಿ ಹೊಗೆ ಆ ಸಂದಿಯಿಂದ ಎದ್ದು ನನ್ನ ಮುಖಕ್ಕೇ ಬಡಿಯಿತು. ಕೆಮ್ಮುತ್ತಲೇ ಇಳಿದೆ. ಅಷ್ಟು ಸಂತೋಷದಿಂದ ನಾನು ಎಂದೂ ಕೆಮ್ಮಿರಲಿಲ್ಲ.

ಕೋಣೆಗೆ ಬಂದು ಒದ್ದೆ ಬಟ್ಟೆಯ ಹಗ್ಗ ಬಿಚ್ಚಿ ಅಡುಗೆಮನೆಯ ಒಲೆಯ ಮೇಲ್ಗಡೆ ಕಟ್ಟಿದೆ. ತೂಬಿಗೆ ತುರುಕಿದ್ದ ಬಟ್ಟೆ ಕಿತ್ತು, ಇಲಿ ಬಾರದಂತೆ ತೂತು ಕೊರೆದ ಚಿಪ್ಪು ಇಟ್ಟೆ. ಮಂಚದ ಪಕ್ಕದ ಅಗ್ಗಿಷ್ಟಿಕೆ ಅಲ್ಲೇ ಇರಲಿ ಎಂದೆ. ಬಿಸಿಗಾಳಿ ಮೇಲೇರಿ ಹೋಗಲು ಈಗ ದಾರಿಯಿತ್ತು, ತೇವವನ್ನೂ ಜೊತೆಗೆ ಒಯ್ಯುತ್ತಿತ್ತು.

"ಇವತ್ತಿಂದ ಸಾರಣೆ ಬೇಡ. ಸ್ನಾನ ಬಚ್ಚಲಲ್ಲಿ," ಎಂದೆ.

ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. "ಗಾಳಿ ಒಡೆದು ಇವ್ಳಿಗೆ ಏನಾರ ಆದ್ರೆ?"

"ನನ್ನ ತಲೆ ಮೇಲಿರಲಿ."

"ನಿನ್ನ ತಲೆ ಏನು, ಎತ್ತಿನ ಗಾಡೀನಾ, ಎಲ್ಲಾ ಒರೋಕೆ?"

ಅಮ್ಮ ಅಡುಗೆಮನೆಯಿಂದ ಎದ್ದು ಬಂದಳು. ಅಪ್ಪನ ಕಂಬಳಿ ತಂದು ಅಕ್ಕನಿಗೆ ತಲೆಯಿಂದ ಪಾದದವರೆಗೆ ಹೊದಿಸಿದಳು. "ಏಳವ್ವ," ಎಂದಳು. ಅದು ಅಕ್ಕನಿಗೆ ಹೇಳಿದ್ದೋ ಬಾಗಿಲಲ್ಲಿ ಕೂತ ತನ್ನ ಅತ್ತೆಗೆ ಹೇಳಿದ್ದೋ ಗೊತ್ತಾಗಲಿಲ್ಲ. ಇಬ್ಬರೂ ಎದ್ದರು.

ಅಜ್ಜಿ ಎರಡು ದಿನ ನನ್ನ ಕೈಯ ಊಟ ಮುಟ್ಟಲಿಲ್ಲ. ಬೂಷ್ಟನ್ನು ಸುಣ್ಣದ ತಿಳಿಯಿಂದ ಉಜ್ಜಿ, ಒಣಗಿದ ಮೇಲೆ ಮತ್ತೆ ಇದ್ದಿಲ ಗೆರೆ ಎಳೆದೆ, ಈ ಸಲ ಅವಳ ಸೆರಗು ಎಟುಕದಂತೆ ಟ್ರಂಕಿನ ಮರೆಯಲ್ಲಿ. ಟ್ರಂಕನ್ನು ಗೋಡೆಯಿಂದ ಒಂದು ಗೇಣು ಈಚೆಗೇ ಬಿಟ್ಟೆ. ಜುಲೈ ೨೦, ಬೂಷ್ಟು ಇಲ್ಲ. ಜುಲೈ ೨೪, ಇಲ್ಲ. ಅಕ್ಕನಿಗೆ ರಾತ್ರಿ ಕೆಮ್ಮಿಲ್ಲ. ಜುಲೈ ೨೭, ಮಗು ಮೊಲೆ ಬಿಡದೆ ಹೊಟ್ಟೆ ತುಂಬ ಕುಡಿದು ನಿದ್ದೆಹೋಯಿತು. ಅದರ ಎದೆಗೆ ಕಿವಿಯಿಟ್ಟು ಕೇಳಿದೆ. ಗೊರಗೊರ ಇರಲಿಲ್ಲ.

ಅಂದು ಮಂಚದ ಕೆಳಗಿನಿಂದ ಉಪ್ಪಿನ ಬಟ್ಟಲನ್ನು ತೆಗೆದವಳು ಅಜ್ಜಿಯೇ. ನಾನು ಹಾಕಿದ್ದ ಹೊಸ ಉಪ್ಪು ಹರಳಾಗಿಯೇ ಇತ್ತು. ಬೆರಳಾಡಿಸಿ ನೋಡಿದಳು.

"ನೋಡ್ದಾ, ದೃಷ್ಟಿ ಓಯ್ತು."

"ಹೋಯ್ತು ಅಜ್ಜಿ. ಹಂಚಿನ ಸಂದೀಲಿ ಹೋಯ್ತು."

"ಎಲ್ಲಾರ ಓಗ್ಲಿ ಬಿಡು," ಎಂದಳು. ಚಿಪ್ಪು ತೆಗೆದು ಹಂಚು ಮುಚ್ಚೆಂದು ಮಾತ್ರ ಹೇಳಲಿಲ್ಲ.

ಈಗ ನಾನು ಅರಕಲಗೂಡಿನ ಸೊಸೆ. ಈ ಆಷಾಢಕ್ಕೆ ನನಗೂ ಚೊಚ್ಚಲ, ತವರಿನ ಅದೇ ಕೋಣೆ. ಅಜ್ಜಿ ಇನ್ನೂ ಗಟ್ಟಿಯಾಗಿದ್ದಾಳೆ, ಗೋಣಿತಾಟು ತೆಗೆದಿರಿಸಿದ್ದಾಳಂತೆ. ಇಟ್ಟಿರಲಿ. ಹಂಚಿನ ಸಂದಿಯನ್ನು ಯಾರೂ ಮುಚ್ಚಕೂಡದು ಎಂದು ಅಮ್ಮನಿಗೆ ಹೇಳಿಕಳಿಸಿದ್ದೇನೆ. ಆದರೆ ಒಂದು ಕಡೆ ನಾನಿನ್ನೂ ಗೆದ್ದಿಲ್ಲ. ಹೊಳೆ ತುಂಬಿದಾಗ ಬೀದಿಯ ಕಡೆಯ ಗೋಡೆ ನೆಲದಿಂದಲೇ ನೀರು ಕುಡಿದು ಮೊಣಕಾಲೆತ್ತರದವರೆಗೆ ತೇವವಾಗುತ್ತದೆ. ಸುಣ್ಣ ಬಳಿದೆ, ಉದುರಿತು. ಅಪ್ಪ ಸಿಮೆಂಟು ಮೆತ್ತಿಸಿ ನೋಡಿದರು, ತೇವ ಅದರ ಹಿಂದೆಯೇ ಇನ್ನೂ ಮೇಲಕ್ಕೆ ಹತ್ತಿತು, ಕೆತ್ತಿಸಿ ತೆಗೆಸಿದೆ. ಇದನ್ನು ಓದುವವರ ಪೈಕಿ ಕೊಣನೂರಿನ ಕಡೆ ಕಾವೇರಿಯ ಮಗ್ಗುಲಲ್ಲಿ ಮಣ್ಣಿನ ಗೋಡೆ ಕಟ್ಟಿಕೊಂಡು ಬಾಳಿದವರಿಗೆ ಇದಕ್ಕೊಂದು ದಾರಿ ತಿಳಿದಿರಬಹುದು. ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ, ಯಾವ ತಿಂಗಳು ಏನು ಮಾಡಿದಿರಿ ಎಂಬುದನ್ನೂ ಸೇರಿಸಿ. ಕಿಟಕಿ ಮುಚ್ಚು ಎನ್ನುವವರು ಮಾತ್ರ ಕಾಗದ ಖರ್ಚು ಮಾಡುವುದು ಬೇಡ.