ತಿರುವಿನಲ್ಲಿ ಕಾಯುವ ವ್ಯಾನತ್ತೆ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಬೀದಿದೀಪಗಳು ಉರಿಯುತ್ತಲೇ ಇವೆ. ಮನೆಯ ಮುಂದೆ ನಿಲ್ಲಿಸಿದ ಬಿಳಿ ವ್ಯಾನಿನ ಗಾಜಿಗೆ ಒಬ್ಬ ಹೆಂಗಸು ಬಕೆಟ್ಟಿನಿಂದ ನೀರೆರಚಿ, ಗಂಡನ ಹಳೇ ಬನಿಯನ್ನಿನಿಂದ ಗಸಗಸ ಉಜ್ಜುತ್ತಿದ್ದಾರೆ. ನಾನು ಆಕಳಿಸುತ್ತಾ ಹತ್ತಿರ ಹೋಗುತ್ತೇನೆ. "ನಿದ್ದೆ ಮುಗಿಸ್ಕೊಂಡೇ ಬರ್ಬೋದಿತ್ತಲ್ಲ ಮೇಡಂ, ನಾನೇನು ಓಡಿಹೋಗ್ತಿದ್ನಾ?" ಎಂದು ಮೊದಲ ಮಾತಿಗೇ ಕಾಲೆಳೆಯುತ್ತಾರೆ. ವ್ಯಾನ್ ಓಡಿಸುವವರ ಬಾಯಲ್ಲಿ ಈ ಮಾತು ಕೇಳಿ ನಂಬುವುದು ಹೇಗೆ? ಗಾಜು ಒರೆಸಿದ್ದಾಯಿತು, ಬನಿಯನ್ ಹಿಂಡಿ ಬಾಗಿಲಿನ ಹಿಡಿಗೆ ನೇತುಹಾಕಿದ್ದಾಯಿತು. "ಹತ್ತಿ, ಹತ್ತಿ, ಹೊತ್ತಾಯ್ತು" ಎಂದು ನನ್ನನ್ನೇ ಅವಸರ ಮಾಡುತ್ತಾರೆ.

ಇವರನ್ನು ಮಕ್ಕಳು ಕರೆಯುವುದು ವ್ಯಾನತ್ತೆ ಎಂದು. ಮಕ್ಕಳೆಂದರೆ ಅಂಗಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಹೋಗುವ ಪುಟಾಣಿಗಳಲ್ಲ. ಹದಿಮೂರು ಹದಿನಾಲ್ಕರಿಂದ ಹಿಡಿದು ಇಪ್ಪತ್ತು ದಾಟಿದವರವರೆಗೆ ಇದ್ದಾರೆ. ಮನಸ್ಸಿನ ಚಿಕಿತ್ಸೆಯ ಕೇಂದ್ರವೊಂದಕ್ಕೆ ಇವರನ್ನು ಮನೆಯ ಹತ್ತಿರದಿಂದ ಕರೆದೊಯ್ದು, ಮತ್ತೆ ಮನೆಯ ಹತ್ತಿರ ಬಿಡುವುದು ವ್ಯಾನತ್ತೆಯ ಕೆಲಸ. ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳಬೇಕಾದಷ್ಟು ಆಗಿಲ್ಲ, ಆದರೆ ವಾರಕ್ಕೊಮ್ಮೆ ಡಾಕ್ಟರನ್ನು ಕಂಡು ಬಂದರೆ ಸಾಲದು, ಅಂಥ ನಡುವಿನ ಮಕ್ಕಳು ಇವರು. ವಾರದಲ್ಲಿ ನಾಲ್ಕು ದಿನ ಬಂದು, ಅರ್ಧ ದಿನ ಅಲ್ಲಿದ್ದು, ಗುಂಪಿನಲ್ಲಿ ಕೂತು ಮಾತಾಡಿ, ಒಬ್ಬೊಬ್ಬರೇ ಆಪ್ತಸಮಾಲೋಚಕಿಯ ಎದುರು ಮನಸ್ಸು ಬಿಚ್ಚಿ, ಊಟದ ಹೊತ್ತಿಗೆ ಮನೆಗೆ ವಾಪಸ್. ಉಳಿದ ದಿನ ಶಾಲೆ, ಕಾಲೇಜು, ಇಲ್ಲವೇ ತಮ್ಮ ಕೋಣೆಯ ಮುಚ್ಚಿದ ಬಾಗಿಲು. ಕೆಲವು ತಿಂಗಳು ಹೀಗೆ ನಡೆಯುತ್ತದೆ.

ವ್ಯಾನತ್ತೆಯ ಬಗ್ಗೆ ಬರೆಯಲು ಬಂದ ನನಗೆ ಕೇಂದ್ರದವರು ಒಪ್ಪಿಗೆ ಕೊಟ್ಟದ್ದು ವ್ಯಾನ್ ಖಾಲಿ ಇರುವಾಗ ಮಾತ್ರ ಕೂರಲು. ಬೆಳಗ್ಗೆ ಮೊದಲ ಮಗು ಹತ್ತುವ ಮೊದಲು, ಮಧ್ಯಾಹ್ನ ಕೊನೆಯ ಮಗು ಇಳಿದ ಮೇಲೆ. ಸರಿ, ಸಿಕ್ಕಿದ್ದೇ ಭಾಗ್ಯವೆಂದು ಮುಂದಿನ ಸೀಟಿನಲ್ಲಿ ಕೂತಿದ್ದೇನೆ.

ವ್ಯಾನಿನ ಮೇಲೆ ಕೇಂದ್ರದ ಹೆಸರಿಲ್ಲ, ಚಿತ್ರವಿಲ್ಲ, ಏನೂ ಇಲ್ಲ. ಸೋಫಾ ಸಾಗಿಸುವ ಗಾಡಿ ಎಂದರೂ ನಂಬಬಹುದು. ಯಾವ ಮಗುವಿನ ಮನೆಯ ಮುಂದೆಯೂ ಅದು ನಿಲ್ಲುವುದಿಲ್ಲ. ಪಕ್ಕದ ಬೀದಿಯಲ್ಲೋ, ಮುಂದಿನ ತಿರುವಿನಲ್ಲೋ ನಿಲ್ಲುತ್ತದೆ. ನೆರೆಹೊರೆಯವರ ಕಣ್ಣು ತಪ್ಪಿಸಲು ಇಷ್ಟೆಲ್ಲ. ಒಳಗಿನ ಕನ್ನಡಿಯನ್ನು ವ್ಯಾನತ್ತೆ ಚಾವಣಿಯ ಕಡೆಗೆ ತಿರುಗಿಸಿಬಿಟ್ಟಿದ್ದಾರೆ. ಯಾಕೆ ಅಂತೀರಾ? "ಹಿಂದೆ ಕೂತು ಅಳ್ತಾ ಇರ್ತವೆ ಕೆಲವು. ಡ್ರೈವರ್ ನೋಡ್ತಿದ್ದಾಳೆ ಅಂತ ಗೊತ್ತಾದ್ರೆ ಅಳೂನೂ ನುಂಗ್ಕೊಂಡುಬಿಡ್ತವೆ. ಗಾಡಿಗೆ ಪಕ್ಕದ ಕನ್ನಡಿ ಸಾಕು" ಎನ್ನುತ್ತಾರೆ.

ಮೊದಮೊದಲು ಎಲ್ಲರನ್ನೂ "ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರಂತೆ. ಅದಕ್ಕಿಂತ ಸಾಧುವಾದ ಮಾತು ಯಾವುದಿದೆ ಹೇಳಿ? ಆದರೆ ತಟ್ಟೆ ಕಂಡರೇ ಭಯಪಡುವ ಮಕ್ಕಳೂ ಅಲ್ಲಿ ಇರುತ್ತಾರೆ. ಆಪ್ತಸಮಾಲೋಚಕಿ ಕರೆದು ಮೆಲ್ಲಗೆ ಹೇಳಿದ ಮೇಲೆ ವ್ಯಾನತ್ತೆ ಆ ಮಾತು ಬಿಟ್ಟರು. "ಹೇಗಿದ್ದೀಯಾ?" ಎನ್ನುವ ಹಾಗೂ ಇಲ್ಲ, ಅದನ್ನು ಬೆಳಗಿನಿಂದ ಮನೆಯವರೆಲ್ಲ ಕೇಳಿ ಕೇಳಿ ಸಾಕುಮಾಡಿರುತ್ತಾರೆ. ಈಗ ಕೇಳುವುದು ಒಂದೇ: "ಕಿಟಕಿ ತೆಗೀಲಾ, ಹಾಕ್ಲಾ?"

"ಅಷ್ಟಕ್ಕೇ ಎಷ್ಟೋ ಮಕ್ಕಳು ಮಾತು ಶುರು ಮಾಡಿದ್ದಾವೆ ಮೇಡಂ. ಒಂದಂತೂ ತಿಂಗಳುಗಟ್ಲೆ 'ಹಾಕಿ' ಅಂತಿತ್ತು. ಒಂದಿನ 'ತೆಗೀರಿ ಅತ್ತೆ' ಅಂತು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ."

"ಕಾಲು ಬ್ರೇಕಿನ ಮೇಲಿರಬೇಕಲ್ವಾ ಅಕ್ಕ?" ಎನ್ನುತ್ತೇನೆ.

"ಅಯ್ಯೋ, ಬಿಡಿ ನಿಮ್ಮ ತಮಾಷೆ" ಎಂದು ನಗುತ್ತಾರೆ.

ಮನೆಯಲ್ಲಿ ಇರುವವರು ಮೂರು ಜನ. ಗಂಡ ದರ್ಜಿ; ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಪ್ಯಾಂಟಿನ ಉದ್ದ ಗಿಡ್ಡ ಮಾಡಿಕೊಡುತ್ತಾರೆ. ಒಳಗೆ ಅತ್ತೆ, ಅಂದರೆ ವ್ಯಾನತ್ತೆಯ ಅತ್ತೆ. "ಊರ ಮಕ್ಕಳನ್ನೆಲ್ಲ ಕೂರಿಸ್ಕೊಂಡು ತಿರುಗ್ತಾಳೆ, ನನ್ನ ಕಣ್ಣು ತೋರಿಸೋಕೆ ಮಾತ್ರ ಪುರುಸೊತ್ತಿಲ್ಲ" ಎಂದು ನನ್ನೆದುರೇ ದೂರು ಹೇಳಿದರು. ಗಂಡನ ದೂರು ಬೇರೆ. "ಪಕ್ಕದ ಮನೆ ಜಗಳ, ಪೆಟ್ರೋಲ್ ಬಂಕಿನ ಸುದ್ದಿ, ಎಲ್ಲಾ ಹೇಳ್ತಾಳೆ, ಬಾಯಿ ಮುಚ್ಚಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಆ ಮಕ್ಕಳಲ್ಲಿ ಒಬ್ಬರ ಹೆಸರೂ ನನ್ನ ಮುಂದೆ ಹೇಳಿಲ್ಲ. ನಾನು ಯಾರಿಗೆ ಹೇಳೋಕೆ ಹೋಗ್ತೀನಿ? ಸೂಜಿ ದಾರಕ್ಕಾ?" ಎಂದು ನಕ್ಕರೂ ಹೆಂಡತಿಯ ಬಗ್ಗೆ ಹೆಮ್ಮೆ ಆ ದನಿಯಲ್ಲೇ ಇತ್ತು.

ಇದಕ್ಕೂ ಮುಂಚೆ ವ್ಯಾನತ್ತೆ ಓಡಿಸುತ್ತಿದ್ದದ್ದು ಚಿಕ್ಕ ಮಕ್ಕಳ ಶಾಲೆಯ ವ್ಯಾನು. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ. ಬೀದಿಯಲ್ಲಿ ಕಂಡರೆ ಓಡಿ ಬಂದು ಕೈ ಹಿಡಿಯುತ್ತಾರೆ, ಮದುವೆಗೆ ಕರೆಯುತ್ತಾರೆ. ಈ ಕೆಲಸದಲ್ಲಿ ಅದೆಲ್ಲ ಇಲ್ಲ. ಹೊರಗೆ ಎಲ್ಲಾದರೂ ಮಗು ಎದುರಾದರೆ ತಾನಾಗಿ ಮಾತಾಡಿಸುವಂತಿಲ್ಲ, ನಗುವಂತಿಲ್ಲ, ಗುರುತು ಸಿಕ್ಕಿತೆಂದು ತೋರಿಸಿಕೊಳ್ಳುವಂತಿಲ್ಲ. ಮಗುವೇ ಮೊದಲು ಮಾತಾಡಿಸಿದರೆ ಮಾತ್ರ ಸರಿ. ಇಲ್ಲವಾದರೆ ದಾರಿಹೋಕರಂತೆ ದಾಟಿಹೋಗಬೇಕು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಇದೇ ಕಟ್ಟುಪಾಡು.

"ಅವರೇ ಬಂದು ಮಾತಾಡಿಸಿದ್ದಿದೆಯಾ?"

"ಎಲ್ಲೋ ಒಂದೆರಡು. ಉಳಿದವ್ರು ಮುಖ ತಿರುಗಿಸ್ಕೊಂಡು ಹೋಗ್ತಾರೆ. ಹೋಗ್ಲಿ ಬಿಡಿ. ನನ್ನ ಮುಖ ನೋಡಿದ ತಕ್ಷಣ ಆ ದಿನಗಳೇ ನೆನಪಾಗೋದಾದ್ರೆ ಯಾಕೆ ನೋಡ್ಬೇಕು? ಮೊದಮೊದಲು ಹೊಟ್ಟೆ ಉರೀತಿತ್ತು. ಅಷ್ಟು ದಿನ ಹೊತ್ಕೊಂಡು ತಿರುಗಿದೀನಲ್ಲ ಅಂತ." ಗೇರು ಬದಲಿಸಿ, "ಈಗಲೂ ಸ್ವಲ್ಪ ಉರಿಯುತ್ತೆ ಅನ್ನಿ" ಎನ್ನುತ್ತಾರೆ.

ಹೀಗೆ ಮಾತಾಡುತ್ತಲೇ ವ್ಯಾನು ಒಂದು ತಿರುವಿನಲ್ಲಿ ನಿಲ್ಲುತ್ತದೆ. ಒಂದು ಬದಿಯಲ್ಲಿ ಬಾಗಿಲೆಳೆದ ಔಷಧದ ಅಂಗಡಿ, ಎದುರಿಗೆ ಮೂರು ಮಹಡಿಯ ವಸತಿ ಕಟ್ಟಡಗಳ ಸಾಲು. ಮೊದಲ ಮಗು ಇಲ್ಲೇ ಹತ್ತುವುದೆಂದುಕೊಂಡು ನಾನು ಇಳಿಯಲು ಹೊರಡುತ್ತೇನೆ. "ಕೂತ್ಕೊಳ್ಳಿ" ಎನ್ನುತ್ತಾರೆ. ಎಂಜಿನ್ ಆರಿಸಿ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಬೀದಿಯನ್ನು ನೋಡುತ್ತಾರೆ. ಪೇಪರ್ ಹಾಕುವವನು ಹೋದ. ನಾಯಿ ಹಿಡಿದುಕೊಂಡ ಮುದುಕರೊಬ್ಬರು ಹೋದರು. ಒಂದು ಮನೆಯಲ್ಲಿ ದೀಪ ಹೊತ್ತಿತು, ಆರಿತು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ, ವ್ಯಾನತ್ತೆ ಗಾಡಿ ಎತ್ತುತ್ತಾರೆ.

ಯಾರಿಗೆ ಕಾದದ್ದೆಂದು ಕೇಳಿದೆ. ಎರಡು ಬೀದಿ ದಾಟಿದೆವು. ಆಮೇಲೆ, "ಒಂದು ಮಗು ಇತ್ತು" ಎಂದರು. ಹುಡುಗನೋ ಹುಡುಗಿಯೋ ಎಂದರೆ, "ಮಗು ಅಂದ್ನಲ್ಲ" ಎಂದು ಗದರಿದರು. ಕೇಂದ್ರದವರನ್ನು ಕೇಳಿ, ಇಷ್ಟು ಹೇಳಬಹುದೆಂದು ಅವರು ಒಪ್ಪಿದ ಮೇಲೆ, ಮಾರನೇ ದಿನ ಉಳಿದದ್ದನ್ನು ಹೇಳಿದರು.

ಹೋದ ವರ್ಷದ ಮಾತು. ಆ ಮಗು ಮೊದಲ ವಾರವೆಲ್ಲ ವ್ಯಾನಿನ ಹತ್ತಿರ ಬಂದು, ಬಾಗಿಲು ಮುಟ್ಟಿ, ವಾಪಸ್ಸು ಹೋಗಿಬಿಡುತ್ತಿತ್ತು. ವ್ಯಾನತ್ತೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಾಗಿಲು ತೆರೆದಿಟ್ಟು ಕಾದರು. ಎರಡನೇ ವಾರ ಹತ್ತಿ ಕೂತಿತು. ಒಂದು ತಿಂಗಳಿಗೆ ಕಿಟಕಿ ತೆಗೆಸಿತು. ಆಮೇಲೆ ದಾರಿಯುದ್ದಕ್ಕೂ ಮಾತೋ ಮಾತು. ನಾಯಿಗೂ ಕನಸು ಬೀಳುತ್ತಾ ಅತ್ತೆ, ಸತ್ತವರಿಗೆ ನಾವು ಮರೆತದ್ದು ಗೊತ್ತಾಗುತ್ತಾ ಅತ್ತೆ, ನಿಮಗೆ ಯಾವತ್ತೂ ಬೇಜಾರೇ ಆಗಲ್ವಾ ಅತ್ತೆ.

"ನನಗೆಲ್ಲಿ ಗೊತ್ತು ಅದಕ್ಕೆಲ್ಲ ಉತ್ತರ? 'ನಿಮ್ಮ ಕೌನ್ಸೆಲಿಂಗ್ ಮೇಡಂನ ಕೇಳು' ಅಂತಿದ್ದೆ. 'ಅವರತ್ರ ಬೇರೆ ಕೇಳ್ತೀನಿ, ಇದು ನಿಮಗೆ' ಅಂತಿತ್ತು."

ಒಂದು ಶನಿವಾರ. ರಜೆ. ವ್ಯಾನತ್ತೆ ಗಂಡನಿಗೆ ದಾರದುಂಡೆ ತರಲು ಪೇಟೆಗೆ ಹೋಗಿದ್ದಾರೆ. ಅಂಗಡಿಯ ಮುಂದೆ ಅದೇ ಮಗು, ನಾಲ್ಕಾರು ಸಹಪಾಠಿಗಳ ಜೊತೆ. ನಗುತ್ತಿದೆ. ಅದು ಅಷ್ಟು ಜೋರಾಗಿ ನಗುವುದನ್ನು ವ್ಯಾನತ್ತೆ ಮೊದಲ ಸಲ ನೋಡಿದ್ದು. ಆ ಖುಷಿಯಲ್ಲಿ ಕಟ್ಟುಪಾಡೆಲ್ಲ ಮರೆತೇಹೋಯಿತು.

"ಬಾಯಿ ತಪ್ಪಿ ಅಂದುಬಿಟ್ಟೆ ಮೇಡಂ. 'ಏನ್ ಪುಟ್ಟಾ, ಸೋಮವಾರ ಒಂಚೂರು ಬೇಗ ಬರ್ತೀನಿ, ತಿರುವಿನಲ್ಲಿ ಕಾಯ್ತಿರು' ಅಂತ. ಅಷ್ಟೇ. ಜೊತೆಯಲ್ಲಿದ್ದವು 'ಯಾರದು? ಎಲ್ಲಿಗೆ ಹೋಗ್ತೀಯಾ ನೀನು?' ಅಂತ ಕೇಳಿದ್ವು. ಅದರ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಯ್ತು. 'ಗೊತ್ತಿಲ್ಲ, ಯಾರೋ' ಅಂತು. ನಾನು ನಾಲಿಗೆ ಕಚ್ಚಿಕೊಂಡೆ. ಕಚ್ಚಿಕೊಂಡ್ರೆ ಆಡಿದ ಮಾತು ವಾಪಸ್ ಬರುತ್ತಾ?"

ಸೋಮವಾರ ಆ ಮಗು ತಿರುವಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಆಮೇಲೆ ಬರಲೇ ಇಲ್ಲ.

ವ್ಯಾನತ್ತೆ ಸೋಮವಾರವೇ ಹೋಗಿ ಆಪ್ತಸಮಾಲೋಚಕಿಯ ಮುಂದೆ ನಿಂತು ಎಲ್ಲ ಹೇಳಿದರು. ಅವರು ಬೈಯಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ವ್ಯಾನತ್ತೆ. ಕೇಂದ್ರದವರು ಮನೆಗೆ ಫೋನ್ ಮಾಡಿದರು, ಮಾತಾಡಿದರು. ಏನು ಮಾತಾಯಿತೆಂಬುದನ್ನು ಡ್ರೈವರಿಗೆ ಹೇಳುವಂತಿಲ್ಲ. ನಾನು ಆಪ್ತಸಮಾಲೋಚಕಿಯನ್ನು ಕೇಳಿದಾಗಲೂ ಆ ಮಗುವಿನ ಸುದ್ದಿಯೇ ಎತ್ತಲಿಲ್ಲ. "ಮಧ್ಯದಲ್ಲಿ ಬಿಟ್ಟುಹೋಗೋರು ಇದ್ದೇ ಇರ್ತಾರೆ. ಒಂದೇ ಕಾರಣ ಅಂತ ಇರಲ್ಲ. ಅಕ್ಕನಿಗೆ ನಾನು ಇದನ್ನ ಎಷ್ಟು ಸಲ ಹೇಳಿದೀನೋ. ಕೇಳಿಸ್ಕೊಳ್ತಾರೆ, ತಲೆ ಆಡಿಸ್ತಾರೆ, ಬೆಳಗ್ಗೆ ಎದ್ದು ಮತ್ತೆ ಅಲ್ಲಿಗೇ ಹೋಗ್ತಾರೆ" ಎಂದಷ್ಟೇ ಹೇಳಿದರು.

ಹೌದು, ಹೋಗುತ್ತಾರೆ. ಆ ತಿರುವು ಈಗ ವ್ಯಾನಿನ ದಾರಿಯಲ್ಲೇ ಇಲ್ಲ. ಅದಕ್ಕಾಗಿಯೇ ಬೇಗ ಏಳುತ್ತಾರೆ, ಸುತ್ತುಹಾಕಿಕೊಂಡು ಹೋಗುತ್ತಾರೆ. ಆ ಮನೆಯವರು ಬೇರೆ ಬಡಾವಣೆಗೆ ಹೋಗಿರಬಹುದು, ಮಗು ಬೇರೆ ಕಡೆ ಚಿಕಿತ್ಸೆ ತೆಗೆದುಕೊಳ್ಳುತ್ತಿರಬಹುದು, ಏನು ಬೇಕಾದರೂ ಆಗಿರಬಹುದು. ಈ "ಏನು ಬೇಕಾದರೂ" ಎಂಬುದೇ ಈಕೆಯನ್ನು ತಿನ್ನುತ್ತಿರುವುದು. ಈ ಕೆಲಸದಲ್ಲಿರುವವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

"ಒಂದಿನ ಮನಸ್ಸು ಬದಲಾಯಿಸ್ಕೊಂಡು ತಿರುವಿಗೆ ಬಂತು ಅಂತ ಇಟ್ಕೊಳ್ಳಿ. ಆವತ್ತು ವ್ಯಾನ್ ಇಲ್ಲ ಅಂತ ಆಗಬಾರದು. ಅಷ್ಟೇ ಮೇಡಂ. ನನ್ನ ಹತ್ರ ಮಾತಾಡೋದೂ ಬೇಡ. ಬೈದ್ರೂ ಸರಿ. ಇದೆ ಅಂತ ಗೊತ್ತಾದ್ರೆ ಸಾಕು." ದನಿ ಒಡೆಯುತ್ತದೆ. ಗಾಡಿಯ ವೇಗ ಮಾತ್ರ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ನಾನು ಅವರ ಜೊತೆ ತಿರುಗಾಡಿದ ಕೊನೆಯ ಮಧ್ಯಾಹ್ನ. ಮಕ್ಕಳೆಲ್ಲ ಇಳಿದಾಗಿದೆ. ಹಿಂದಿನ ಸೀಟಿನಲ್ಲಿ ಯಾರೋ ಮರೆತುಹೋದ ಒಂದು ಛತ್ರಿ ಮಾತ್ರ ಉಳಿದಿದೆ. ವ್ಯಾನತ್ತೆ ಉಲ್ಲಾಸದಲ್ಲಿದ್ದಾರೆ, ಕೊನೆಗೂ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ ಕಥೆಯನ್ನು ಅತ್ತೆಯ ದನಿಯಲ್ಲೇ ಹೇಳುತ್ತಿದ್ದಾರೆ. "ಗೋಡೆ ಮೇಲಿನ ಅಕ್ಷರ ಓದಿ ಅಂದ್ರೆ ನಮ್ಮತ್ತೆ, 'ನೀವು ಓದಿಲ್ವೇನಪ್ಪಾ ಡಾಕ್ಟ್ರಾಗೋಕೆ, ನನ್ನ ಹತ್ರ ಯಾಕೆ ಓದಿಸ್ತೀರಾ' ಅಂತ..." ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ. ವ್ಯಾನು ನಿಲ್ಲುತ್ತದೆ. ಜನ ರಸ್ತೆ ದಾಟುತ್ತಾರೆ. ಕೈಚೀಲ ಹಿಡಿದ ಹೆಂಗಸರು, ಸೈಕಲ್ ತಳ್ಳಿಕೊಂಡು ಹೋಗುವ ಹುಡುಗ, ಬೆವರಿದ ಆಟದ ಉಡುಪಿನಲ್ಲಿ ಏಳೆಂಟು ಹುಡುಗ ಹುಡುಗಿಯರು, ಒಬ್ಬರ ಕೈಯಿಂದ ಇನ್ನೊಬ್ಬರು ನೀರಿನ ಬಾಟಲಿ ಕಿತ್ತುಕೊಳ್ಳುತ್ತಾ, ಕಿರುಚಾಡುತ್ತಾ.

ಅತ್ತೆಯ ಕಥೆ ಅರ್ಧಕ್ಕೆ ನಿಂತಿದೆ. ತಿರುಗಿ ನೋಡಿದರೆ ವ್ಯಾನತ್ತೆಯ ಕೈ ಕಿಟಕಿಯ ಗಾಜು ಇಳಿಸುವ ಹಿಡಿಯ ಮೇಲಿದೆ. ಗಾಜು ಎರಡು ಬೆರಳು ಇಳಿದಿದೆ. ಅವರು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದಾರೆ. ಆಮೇಲೆ ಅದೇ ಕೈ ಮೆಲ್ಲಗೆ ಗಾಜನ್ನು ಮೇಲಕ್ಕೇರಿಸಿತು. ಗುಂಪು ವ್ಯಾನಿನ ಮುಂದೆಯೇ ಹಾದು ಆಚೆ ಬದಿ ಸೇರಿತು. ಯಾರೂ ಈ ಕಡೆ ನೋಡಲಿಲ್ಲ.

ಹಸಿರು ದೀಪ ಬಂತು. ವ್ಯಾನು ಒಮ್ಮೆ ಜಗ್ಗಿ ಆರಿಹೋಯಿತು. ಹಿಂದಿನಿಂದ ಹಾರ್ನೋ ಹಾರ್ನು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ನಿದ್ದೆ ಮಾಡ್ತಿದ್ದೀಯೇನಮ್ಮಾ?" ಎಂದು ಕೂಗಿದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದರು. ಇವತ್ತು ಅವನತ್ತ ನೋಡಲೂ ಇಲ್ಲ. ಗಾಡಿ ಶುರುಮಾಡಿ, ಸಿಗ್ನಲ್ ದಾಟಿ, ಬದಿಗೆ ನಿಲ್ಲಿಸಿ, ಸೆರಗಿನಿಂದ ಮುಖ ಒತ್ತಿಕೊಂಡು ಕೂತರು.

"ಏನಾಯ್ತು ಅಕ್ಕ?"

"ಏನಿಲ್ಲ. ಕ್ಲಚ್ಚು."

"ಆ ಮಗುನಾ?"

"ಯಾವ ಮಗು? ನಾನು ಯಾರನ್ನೂ ನೋಡ್ಲಿಲ್ಲ. ನೀವೂ ನೋಡ್ಲಿಲ್ಲ."

"ಇಲ್ಲ ಅಕ್ಕ, ನೋಡಲಿಲ್ಲ" ಎಂದೆ. ಸುಳ್ಳೇನಲ್ಲ. ಅಷ್ಟು ಮುಖಗಳಲ್ಲಿ ಯಾವುದೆಂದು ನನಗೆ ಗೊತ್ತಾಗುವುದಾದರೂ ಹೇಗೆ?

ಮತ್ತೆ ಹೊರಟೆವು. ನನ್ನನ್ನು ಇಳಿಸುವ ಬಸ್ ನಿಲ್ದಾಣ ಹತ್ತಿರ ಬಂದಿತ್ತು. ವ್ಯಾನತ್ತೆ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ, ನನ್ನ ಕಡೆ ತಿರುಗಲಿಲ್ಲ. ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವವರಂತೆ, ತೀರಾ ಸಣ್ಣ ದನಿಯಲ್ಲಿ ಅಂದರು:

"ಎತ್ತರ ಆಗಿದೆ."