ಟೀಚರಮ್ಮ ಸೊಸೆಯಾದದ್ದು

ಹಾಲಹರವಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆ. ಕಾಗದದ ಮೇಲೆ ಇಬ್ಬರು ಟೀಚರು, ನಿಜದಲ್ಲಿ ನಾನೊಬ್ಬಳೇ. ಮುಖ್ಯೋಪಾಧ್ಯಾಯಿನಿ ಎಂಬ ಹೆಸರು ದೊಡ್ಡದು. ಗಂಟೆ ಹೊಡೆಯುವುದರಿಂದ ಹಿಡಿದು ಮಧ್ಯಾಹ್ನದ ಊಟದ ಮೊಟ್ಟೆ ಲೆಕ್ಕ ನೋಡುವವರೆಗೆ ಎಲ್ಲವೂ ಆ ದೊಡ್ಡ ಹೆಸರಿನ ಕೆಲಸವೇ. ಆಂಧ್ರದ ಈ ಮೂಲೆಯಲ್ಲಿ ಕನ್ನಡದಲ್ಲಿ ಪಾಠ ಹೇಳಬಲ್ಲವರು ಸಿಗುವುದೇ ಅಪರೂಪ. ಸಿಕ್ಕವರು ಆದೋನಿಯಲ್ಲೇ ಎಲ್ಲಾದರೂ ಜಾಗ ಇದೆಯೇ ಎಂದು ನೋಡುತ್ತಾರೆ. ತಾತ್ಕಾಲಿಕವಾಗಿ ಬಂದವರಲ್ಲಿ ಒಬ್ಬರು ನೀರು ಒಗ್ಗಲಿಲ್ಲ ಅಂದರು, ಒಬ್ಬರು ಬಿಸಿಲು ತಡೆಯಲಿಲ್ಲ ಅಂದರು. ಒಬ್ಬ ಮಹಾಶಯ ಏನನ್ನೂ ಹೇಳದೆ, ಶಾಲೆಯ ಜೊತೆಗೆ ತನ್ನ ಊಟದ ಡಬ್ಬಿಯನ್ನೂ ಇಲ್ಲೇ ಬಿಟ್ಟುಹೋದ. ಆ ಡಬ್ಬಿಯಲ್ಲಿ ಈಗ ಸೀಮೆಸುಣ್ಣದ ತುಂಡುಗಳನ್ನು ಹಾಕಿಡುತ್ತೇನೆ.

ಒಬ್ಬಳೇ ಐದು ತರಗತಿ ನೋಡಿಕೊಂಡರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತು. ಒಂದು ಕಡೆ ಮಗ್ಗಿ ಹೇಳಿಸುವಾಗ ಇನ್ನೊಂದು ಕಡೆ ಕಲ್ಲು ಹಾರುತ್ತಿರುತ್ತದೆ. ಸುಗ್ಗಿ ಬಂದರೆ ಮಕ್ಕಳು ಅಪ್ಪ ಅಮ್ಮನ ಹಿಂದೆ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗಿಬಿಡುತ್ತವೆ. ತಿಂಗಳುಗಟ್ಟಲೆ ಅಲ್ಲಿದ್ದು ತಿರುಗಿ ಬಂದವುಗಳಿಗೆ ತಮ್ಮ ಹೆಸರು ಬರೆಯುವುದೂ ಮರೆತಿರುತ್ತದೆ. ಕೆಲವು ಶಾಲೆಗೆ ತಿರುಗಿ ಬರುವುದೇ ಇಲ್ಲ.

ಅಂಥ ಹೊತ್ತಿನಲ್ಲಿ ಅವಳು ಬಂದಳು. ಆದೋನಿಯ ಹುಡುಗಿ, ಕನ್ನಡದಲ್ಲೇ ಟೀಚರ್ ತರಬೇತಿ ಮುಗಿಸಿದವಳು. ತಾತ್ಕಾಲಿಕ ಕೆಲಸ, ಕೈಗೆ ಬರುವುದು ಅಷ್ಟಕ್ಕಷ್ಟೆ. ಆದರೂ ಊರಲ್ಲೇ ಒಂದು ಕೋಣೆ ಹಿಡಿದು ಉಳಿದಳು. ಇವಳೂ ದಸರಾ ದಾಟುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅವಳು ದಾಟಿದಳು. ದಾಟಿದ್ದಷ್ಟೇ ಅಲ್ಲ, ಊರನ್ನೇ ತಿದ್ದಲು ನಿಂತಳು. ಶಾಲೆಯ ಅಂಗಳದಲ್ಲಿ ಬೀಡಿ ಸೇದುತ್ತಿದ್ದ ಹಿರಿಯರಿಗೆ, "ತಾತಾ, ಅದನ್ನ ಹೊರಗ ಹೋಗಿ ಸೇದ್ರಿ" ಎಂದು ಹೇಳಿದವಳು ಅವಳೇ. ನನಗೆ ಅಷ್ಟು ವರ್ಷದಲ್ಲಿ ಆ ಧೈರ್ಯ ಬಂದಿರಲಿಲ್ಲ. ಮಗು ಬಾರದಿದ್ದರೆ ನೇರವಾಗಿ ಮನೆಯ ಒಳಗೇ ಹೋಗಿ, ಒಲೆಯ ಮುಂದೆ ಕೂತು, ಅಪ್ಪನನ್ನೂ ಅಮ್ಮನನ್ನೂ ಒಟ್ಟಿಗೆ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಬೈಸಿಕೊಂಡವರು ಅವಳಿಗೆ ರೊಟ್ಟಿ ಕೊಟ್ಟು ಕಳಿಸುತ್ತಿದ್ದರು.

ಆ ವರ್ಷ ಗುಂಟೂರಿಗೆ ಹೊರಟ ಗಾಡಿಯ ಮುಂದೆ ಅವಳು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಗಂಟುಮೂಟೆ, ಪಾತ್ರೆ, ಜನ, ಮಕ್ಕಳು ಎಲ್ಲವೂ ಒಂದೇ ಗಾಡಿಯಲ್ಲಿ. ಡ್ರೈವರು ಹಾರನ್ ಹೊಡೆದೇ ಹೊಡೆದ.

"ದೊಡ್ಡವರು ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಹುಡುಗ್ರನ್ನ ಇಳಿಸ್ರಿ. ಇಳಿಸೋ ತನ ನಾ ಜರಗಾಕಿ ಅಲ್ಲ" ಅಂದಳು.

"ಊರಾಗ ಯಾರು ನೋಡ್ಕೋತಾರ ಟೀಚರಮ್ಮ?" ಎಂದು ಮೇಲಿನಿಂದ ಯಾರೋ ಕೂಗಿದರು.

"ಅಜ್ಜಿ ಇದ್ದವ್ರು ಅಜ್ಜಿ ಹತ್ರ ಇರ್ಲಿ. ಇಲ್ಲದವ್ರು ನನ್ನ ಹತ್ರ ಮಲಗ್ಲಿ."

ಗೊಣಗಾಡಿಕೊಂಡು ಇಳಿಸಿದರು. ಆ ಸುಗ್ಗಿಯಲ್ಲಿ ಅವಳ ಕೋಣೆಯ ತುಂಬ ಮಕ್ಕಳೇ. ವರ್ಷದ ಕೊನೆಗೆ ನಮ್ಮ ಮಕ್ಕಳು ತಡವರಿಸದೆ ಪಾಠ ಓದುವುದನ್ನು ಕೇಳಿ ನಾನು ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದೇನೆ. ಇದನ್ನು ಅವಳಿಗೆ ಯಾವತ್ತೂ ಹೇಳಲಿಲ್ಲ.

ಆಮೇಲೆ ಎಮ್ಮಿಗನೂರಿನ ಒಂದು ಖಾಸಗಿ ಶಾಲೆಯವರು ಅವಳನ್ನು ಕರೆದರು. ಸುದ್ದಿ ಹೊರಬಿದ್ದದ್ದೇ ಊರು ತಲೆಯ ಮೇಲೆ ಕೈಹೊತ್ತು ಕೂತಿತು. ಶಾಲಾ ಸಮಿತಿಯ ಅಧ್ಯಕ್ಷರು ಕುರಿ, ಹೊಲ, ಟ್ರ್ಯಾಕ್ಟರು ಎಲ್ಲಾ ಇದ್ದ ದೊಡ್ಡ ಮನೆಯವರು. ಮಾತು ಒರಟಾದರೂ ಮನಸ್ಸು ಮೆತ್ತಗೆ. ಮರುದಿನವೇ ಶಾಲೆಗೆ ಬಂದು ನನ್ನೆದುರು ಕೂತರು.

"ಮೇಡಮ್, ಈಕಿನ್ನ ಬಿಟ್ರ ಇಂಥಾಕಿ ಮತ್ತ ಸಿಗಂಗಿಲ್ಲ. ನಮ್ಮ ದೊಡ್ಡ ಮಗಗ ಮಾಡ್ಕೊಂಡ್ಬಿಡ್ತೀವಿ. ಊರ ಸೊಸಿ ಆದಮ್ಯಾಲ ಎಲ್ಲಿಗೆ ಹೋಗ್ತಾಳ? ಅಂತೇ ಕದಾ, ಹೌದಲ್ರಿ?"

ಅವರ ದೊಡ್ಡ ಮಗ ಶಾಲೆಗೆ ಟ್ಯಾಂಕರಿನಲ್ಲಿ ನೀರು ತಂದು ಹಾಕುತ್ತಿದ್ದವನು. ತೊಟ್ಟಿ ತುಂಬಿದ ಮೇಲೂ ಅವನು ಸುಮ್ಮನೆ ಟೈರು ಒದೆಯುತ್ತ ನಿಂತಿರುತ್ತಿದ್ದುದನ್ನು ನಾನೂ ನೋಡಿದ್ದೆ, ಅವಳೂ ನೋಡಿದ್ದಳು. ಕುಲವೂ ಕೂಡಿಬಂತು. ಕೇಳಿದಾಗ ಅವಳು ಕೆಂಪಾಗಿ, "ನಿಮಗೂ ಗೊತ್ತೈತಲ್ರಿ ಮೇಡಮ್" ಎಂದು ನಕ್ಕಳು. ಯಾರ ಬಲವಂತವೂ ಇರಲಿಲ್ಲ. ಮದುವೆಯ ಊಟದಲ್ಲಿ ಊರಿಗೆ ಊರೇ ಕೂತು, ಟೀಚರಮ್ಮ ಇನ್ನು ನಮ್ಮಾಕೆ ಎಂದು ಹಿಗ್ಗಿತು. ನಾನು ಎರಡು ಸಲ ಹೋಳಿಗೆ ಹಾಕಿಸಿಕೊಂಡೆ.

ರಜೆ ಮುಗಿದು ಶಾಲೆಗೆ ಬಂದವಳ ತಲೆಯ ಮೇಲೆ ಸೆರಗಿತ್ತು. ಹೊಸ ಮದುವಣಗಿತ್ತಿ, ಇರಲಿ ಅಂದುಕೊಂಡೆ. ಹಾಜರಿ ಕರೆಯುವಾಗ ಒಂದು ಹೆಸರಿನ ಹತ್ತಿರ ಅವಳು ನಿಂತುಬಿಟ್ಟಳು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಆಡುವ ಹಾಗಿಲ್ಲ, ಅದು ಈ ಕಡೆಯ ಪದ್ಧತಿ. ಮಾವನದು ಊರ ದೇವರ ಹೆಸರು. ಊರಿನ ಅರ್ಧ ಗಂಡಸರಿಗೂ ಅದೇ ಹೆಸರು, ನಮ್ಮ ತರಗತಿಗಳಲ್ಲಂತೂ ಸಾಲಿಗೊಬ್ಬ. ಅವಳು ಕೈತೋರಿಸಿ, "ಏ, ನೀನು, ಕಟ್ಟಿ ಮನಿಯವ" ಅಂದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಆ ಊರಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ. ಮದುವೆಯಾದದ್ದೇ ತಡ, ನಿನ್ನೆಯವರೆಗೆ ಬೈಸಿಕೊಂಡವರೆಲ್ಲ ಅವಳಿಗೆ ಮಾವ, ಬಾವ, ಅತ್ತೆ ಆಗಿಬಿಟ್ಟರು. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ದಾಟಬೇಕು. ಸಮಿತಿಯವರು ಶಾಲೆಗೆ ಬಂದರೆ ಅವಳು ಕುರ್ಚಿ ಬಿಟ್ಟೆದ್ದು ಬಾಗಿಲ ಮರೆಗೆ ಹೋಗುತ್ತಿದ್ದಳು. ಅಂಗಳದಲ್ಲಿ ಬೀಡಿ ಮತ್ತೆ ಶುರುವಾಯಿತು. ಹೀಗೇ ಇರು ಎಂದು ಅವಳಿಗೆ ಯಾರೂ ಗದರಿಸಿ ಹೇಳಿರಲಿಲ್ಲ. ಸೊಸೆ ಹೇಗಿರಬೇಕೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನನಗೆ ಸಿಟ್ಟು ಬಂತು. ಒಂದು ದಿನ, ಯಾಕೆ ಹೀಗಾದೆ ಎಂದು ಕೇಳಿಯೇ ಬಿಟ್ಟೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು:

"ಹುಡುಗ್ರಿಗೆ ಬೈತೀನ್ರಿ ಮೇಡಮ್, ಅದಕ್ಕೇನಿಲ್ಲ. ಆದ್ರ ಅವರಪ್ಪ ನನಗ ಬಾವ ಆಗ್ಬೇಕು. ಬಾವನ ಎದುರಿಗೆ ಹೆಂಗ ಬಾಯಿ ಬಿಡ್ಲಿ? ನಾ ಬಿಟ್ರ ನಮ್ಮತ್ತಿ ಕಟ್ಟಿ ಮುಂದ ಹೆಂಗ ಓಡಾಡ್ಬೇಕು?"

ಆ ವರ್ಷದ ಸುಗ್ಗಿಗೆ ಗಾಡಿ ಮತ್ತೆ ಶಾಲೆಯ ಮುಂದೆಯೇ ಬಂತು. ಡ್ರೈವರನ ಪಕ್ಕದಲ್ಲಿ ಅಧ್ಯಕ್ಷರ ತಮ್ಮ, ಅವಳ ಸಣ್ಣ ಮಾವ ಕೂತಿದ್ದರು. ಹಿಂದೆ ಮೂಟೆಗಳ ಸಂದಿಯಲ್ಲಿ ನಮ್ಮ ಮಕ್ಕಳು. ಅವಳು ಗೇಟಿನವರೆಗೆ ಓಡಿದಳು. ಗೇಟಿನ ಬಳಿ ನಿಂತಳು. ಸೆರಗು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ನಾನು ಹೋಗಿ ಅಡ್ಡ ನಿಂತೆ, ಬೇಡಿಕೊಂಡೆ, ಬೈದೆ. ಆದರೆ ನಾನು ಸಂಜೆಯಾದರೆ ಆದೋನಿಗೆ ಹೋಗುವವಳು. ಮಕ್ಕಳನ್ನು ಇಳಿಸಿದರೆ ರಾತ್ರಿ ಯಾರ ಹತ್ತಿರ ಮಲಗಿಸುತ್ತೀರಿ ಎಂದು ಗಾಡಿಯವರು ಕೇಳಿದರು. ದೊಡ್ಡ ಮನೆಯ ಸೊಸೆಯ ಕೋಣೆಯಲ್ಲಿ ಕಂಡವರ ಮಕ್ಕಳನ್ನು ಮಲಗಿಸಲು ಆಗುವುದಿಲ್ಲ. ಒಬ್ಬ ಹುಡುಗಿ ಗಾಡಿಯ ಮೇಲಿಂದ, "ಟೀಚರಮ್ಮಾ, ಹೇಳ್ರೀ" ಎಂದು ಕೂಗಿದಳು. ಗಾಡಿ ಹೊರಟುಹೋಯಿತು.

ಸ್ವಲ್ಪ ದಿನಕ್ಕೆ ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಬಸುರಿ ಎಂಬ ಕಾರಣ ಹೇಳಿಕಳಿಸಿದರು. ಅದು ನಿಜವೂ ಆಗಿತ್ತು. ಮಗು ಹುಟ್ಟಿ, ನಡೆಯಲು ಕಲಿತ ಮೇಲೂ ಅವಳು ಬರಲಿಲ್ಲ. ಈಗ ನಮ್ಮ ಶಾಲೆಯಲ್ಲಿ ಉಳಿದ ಮಕ್ಕಳು ಒಂದೇ ಕೋಣೆಯಲ್ಲಿ ಹಿಡಿಸುತ್ತಾರೆ. ಇನ್ನೊಂದು ಕೋಣೆಗೆ ಬೀಗ. ಎಮ್ಮಿಗನೂರಿಗೆ ಹೋಗಿದ್ದರೂ ಚೆನ್ನಾಗಿತ್ತಲ್ಲ, ಎಲ್ಲೋ ಒಂದು ಕಡೆ ಟೀಚರಮ್ಮ ಆಗಿಯಾದರೂ ಇರುತ್ತಿದ್ದಳಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಅವಳನ್ನು ಕಳೆದುಕೊಂಡದ್ದು ನಮ್ಮ ಪ್ರೀತಿಯಿಂದಲೇ. ಬೈಯೋಣವೆಂದರೆ ಒಬ್ಬ ಕೆಟ್ಟವನೂ ಇಲ್ಲ.

ಹೋದ ವಾರ ಮನಸ್ಸು ಗಟ್ಟಿ ಮಾಡಿಕೊಂಡು ಅವರ ಮನೆಗೇ ಹೋದೆ. ಸೊಸೆಯನ್ನು ಮತ್ತೆ ಶಾಲೆಗೆ ಕಳಿಸಿ ಎಂದು ಕೇಳುವುದು ನನ್ನ ಉದ್ದೇಶ. ಅಧ್ಯಕ್ಷರು ಜಗುಲಿಯಲ್ಲಿ ಮಂಚ ಹಾಕಿಸಿ, ಚಹಾ ತರಿಸಿ, ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು. ಅವರ ಮುಖದಲ್ಲೂ ದುಃಖವಿತ್ತು.

"ನಾವೇನು ಆಕಿನ್ನ ಹಿಡಿದಿಲ್ರಿ ಮೇಡಮ್. ಆಕಿನೇ ಒಲ್ಲೆ ಅಂತಾಳ. ಯಾಕಂತ ನಮಗೂ ತಿಳೀವಲ್ದು" ಎಂದರು. ಆಮೇಲೆ ಏನೋ ಹೊಳೆದು ಅವರ ಮುಖ ಅರಳಿತು. "ಒಂದು ಕೆಲಸ ಮಾಡ್ರಿ. ಆದೋನ್ಯಾಗ ಇಂಥಾಕಿನ್ನ ಇನ್ನೊಬ್ಬಾಕಿನ್ನ ಹುಡುಕ್ರಿ. ಕರಕೊಂಡು ಬರ್ರಿ, ನಾವು ಬಿಡಂಗಿಲ್ಲ. ನಮ್ಮ ಸಣ್ಣ ಮಗಗ ಇನ್ನೂ ಮದುವಿ ಆಗಿಲ್ಲ."

ನಾನು ಚಹಾದ ಲೋಟ ಕೆಳಗಿಟ್ಟೆ. ಆಗ ಒಳಗಿನ ಬಾಗಿಲ ಮರೆಯಿಂದ ಅವಳ ದನಿ ಬಂತು. ಮಾವ ಕೂತಲ್ಲಿ ಅವಳು ಬಾಯಿ ಬಿಟ್ಟದ್ದನ್ನು ಮದುವೆಯಾದ ಮೇಲೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವಂತೆ.

"ಬ್ಯಾಡ್ರಿ ಮೇಡಮ್. ಆಕಿನ್ನಾದ್ರೂ ಟೀಚರಾಗೇ ಇರಾಕ ಬಿಡ್ರಿ."