ನರ್ಮದಾಬಾಯಿ ಡಾಕ್ಟರ್ ಆದದ್ದು

ಗದಗಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ನರ್ಮದಾಬಾಯಿ ಕಂಪ್ಯೂಟರನ್ನು ಮೊದಲ ಸಲ ನೋಡಿದ್ದು ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಅದೂ ಗಾಜಿನ ಗೋಡೆಯ ಈಚೆ ನಿಂತು. 1977ರ ಮಾತು. ಕಾಲೇಜು ಶಿಕ್ಷಕರಿಗೆ ಪಿಎಚ್.ಡಿ. ಮಾಡಲು ಸಂಬಳಸಹಿತ ರಜೆ ಕೊಡುವ ಯೋಜನೆಯೊಂದಿತ್ತು. ಅದರಲ್ಲಿ ಮದ್ರಾಸಿನ ಒಂದು ಸಂಸ್ಥೆಯ ಗಣಿತ ವಿಭಾಗಕ್ಕೆ ಅರ್ಜಿ ಹಾಕಿದ್ದರು. ಸಂದರ್ಶನದಲ್ಲಿ ಕಂಪ್ಯೂಟರ್ ವಿಭಾಗದ ಪ್ರೊಫೆಸರರೊಬ್ಬರು, ಪಾಠ ಬಿಟ್ಟರೆ ಕಾಲೇಜಿನಲ್ಲಿ ಇನ್ನೇನು ಮಾಡುತ್ತೀರಿ ಎಂದು ಕೇಳಿದರು. ಪ್ರತಿ ಜೂನ್ ತಿಂಗಳು ಇಡೀ ಕಾಲೇಜಿನ ಟೈಮ್‌ಟೇಬಲ್ ಹಾಕುವುದು ನನ್ನ ಪಾಲಿಗೆ ಬಂದಿದೆ, ಅದು ಒಂದು ವರ್ಷವೂ ಸರಿಯಾಗಿ ಕೂಡಿಲ್ಲ ಎಂದರು ಇವರು. ಪ್ರೊಫೆಸರರು ನಕ್ಕು, ಅದು ನಮ್ಮ ವಿಭಾಗದ ಸಮಸ್ಯೆ ಎಂದು ಹೇಳಿ, ಗಾಜಿನಾಚೆಯ ಯಂತ್ರವನ್ನು ತೋರಿಸಿ ತಮ್ಮ ವಿದ್ಯಾರ್ಥಿನಿಯನ್ನಾಗಿ ತೆಗೆದುಕೊಂಡರು.

ನರ್ಮದಾಬಾಯಿಯ ತವರು ಲಕ್ಷ್ಮೇಶ್ವರ. ತಂದೆ ಕನ್ನಡ ಶಾಲೆಯ ಮಾಸ್ತರರು. ಗಂಡ ಶ್ರೀಪಾದ ಗದಗಿನಲ್ಲಿ ಸರಕಾರಿ ಗುಮಾಸ್ತ. ಪಕ್ಕದ ಬೆಟಗೇರಿಯ ಮನೆಯಲ್ಲಿ ಅತ್ತೆ ತುಳಸಾಬಾಯಿ ಮತ್ತು ಎರಡನೇ ಇಯತ್ತೆ ಓದುವ ಮಗಳು. ಹೋಗಬೇಕೋ ಬಿಡಬೇಕೋ ಎಂದು ಗಂಡ ಹೆಂಡತಿ ಒಂದು ವಾರ ಲೆಕ್ಕ ಹಾಕಿದರು. ಕೊನೆಗೆ ರೊಟ್ಟಿ ಬಡಿಯುತ್ತ ತುಳಸಾಬಾಯಿಯೇ ಅಂದರು:

"ನನಗ ಮೂರನೇತ್ತಕ್ಕ ಶಾಲಿ ಬಿಡಿಸಿದ್ರು. ನಿನಗ ಪಗಾರ ಕೊಟ್ಟು ಓದು ಅನ್ನಾಕತ್ತಾರ. ಹೋಗಿ ಬಾ. ಕೂಸಿಗೆ ಜಡಿ ಹಾಕಾಕ ನನಗೂ ಬರ್ತೈತಿ."

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದ್ರಾಸು ಮುಟ್ಟಿದ ನರ್ಮದಾಬಾಯಿಗೆ ಮೊದಲ ವರ್ಷ ಬರೀ ಕ್ಲಾಸುಗಳು. ಜೊತೆಯಲ್ಲಿ ಕೂತವರೆಲ್ಲ ಅವರಿಗಿಂತ ಹತ್ತು ವರ್ಷ ಚಿಕ್ಕವರು. ಪ್ರೋಗ್ರಾಮನ್ನು ತೂತು ಕೊರೆದ ಕಾರ್ಡುಗಳ ಕಟ್ಟಾಗಿ ಮಾಡಿ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರ ಸಿಗುವುದು ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರವಿಲ್ಲ, ತಪ್ಪಾಗಿದೆ ಎಂಬ ಒಂದು ಸಾಲು ಮಾತ್ರ. ಸಂಶೋಧನೆ ಶುರುಮಾಡುವ ಮೊದಲು ಒಂದು ಅರ್ಹತಾ ಪರೀಕ್ಷೆ ಇತ್ತು. ಅದರಲ್ಲಿ ಅವರು ಫೇಲಾದರು. ಗಣಿತದಲ್ಲಿ ಕೇಳಿದ್ದೆಲ್ಲ ಬಂತು. ಯಂತ್ರದೊಳಗಿನ ಸರ್ಕ್ಯೂಟುಗಳ ಬಗ್ಗೆ ಕೇಳಿದ್ದು ಒಂದೂ ಬರಲಿಲ್ಲ. ಹಾಸ್ಟೆಲಿಗೆ ಬಂದು ಟ್ರಂಕು ತುಂಬತೊಡಗಿದರು. ಇನ್ನೊಂದೇ ಅವಕಾಶ ಇದೆಯೆಂದು ಪ್ರೊಫೆಸರರು ಹೇಳಿಕಳಿಸಿದ ಮೇಲೆ ತುಂಬಿದ್ದನ್ನು ತೆಗೆದಿಟ್ಟರು. ಆರು ತಿಂಗಳು ಸರ್ಕ್ಯೂಟನ್ನೇ ಓದಿ ಎರಡನೇ ಸಲಕ್ಕೆ ಪಾಸಾದರು.

ಆಮೇಲಿನದು ಅವರಿಗೆ ಪ್ರಿಯವಾದ ಕೆಲಸ. ಯಾವ ಶಿಕ್ಷಕರೂ ಏಕಕಾಲಕ್ಕೆ ಎರಡು ಕ್ಲಾಸಿನಲ್ಲಿ ಇರಬೇಕಾಗದಂತೆ ಕಂಪ್ಯೂಟರು ತಾನೇ ಟೈಮ್‌ಟೇಬಲ್ ಹಾಕುವ ಒಂದು ವಿಧಾನವನ್ನು ಕಂಡುಕೊಂಡರು. ತೀರಾ ಕಡಿಮೆಯೆಂದರೆ ಎಷ್ಟು ಪಿರಿಯಡ್ ಬೇಕೋ, ಈ ವಿಧಾನ ಅದಕ್ಕಿಂತ ಒಂದನ್ನು ಹೆಚ್ಚು ಕೇಳಬಹುದು, ಎರಡನ್ನು ಎಂದೂ ಕೇಳುವುದಿಲ್ಲ ಎಂದು ಗಣಿತದಿಂದ ರುಜುವಾತು ಮಾಡಿದರು. ಪ್ರಬಂಧದ ಜೀವವೇ ಆ ರುಜುವಾತು. ರಜೆ ಮುಗಿದು ಗದಗಿಗೆ ಮರಳಿದ ಮೇಲೆ ಬೇಸಿಗೆ, ದೀಪಾವಳಿ ಸೂಟಿಗಳಲ್ಲಿ ಮದ್ರಾಸಿಗೆ ಹೋಗಿ ಬಂದು ಬರೆದು ಮುಗಿಸಿದರು. 1982ರ ಮೇ ತಿಂಗಳಲ್ಲಿ ಟೈಪಾಗಿ, ಬೈಂಡಾಗಿ, ಪ್ರಬಂಧ ಪರೀಕ್ಷಕರಿಗೆ ಹೋಯಿತು. ಅವರು ಒಪ್ಪಿದರೆ ಕೊನೆಗೆ ಒಂದು ಮೌಖಿಕ ಪರೀಕ್ಷೆ.

ಜೂನ್ ಬಂತು, ಕಾಲೇಜಿನ ಟೈಮ್‌ಟೇಬಲ್ ಮತ್ತೆ ಇವರ ಪಾಲಿಗೆ. ಕಂಪ್ಯೂಟರು ಊರಲ್ಲಿಲ್ಲ, ತಮ್ಮ ವಿಧಾನವನ್ನೇ ಪೆನ್ಸಿಲ್ಲಿನಿಂದ ಮಾಡುತ್ತ ಹೋದರು. ವಿಧಾನ ಎರಡು ಪಿರಿಯಡ್ ಹೆಚ್ಚು ಕೇಳಿತು. ಕೂಡಿಸುವಾಗ ತಪ್ಪಿರಬೇಕೆಂದು ಮತ್ತೆ ಮಾಡಿದರು. ಮತ್ತೆ ಎರಡು. ತಪ್ಪು ಕೂಡಿಸುವುದರಲ್ಲಿ ಇರಲಿಲ್ಲ. ವಿಜ್ಞಾನದ ಪ್ರಾಕ್ಟಿಕಲ್‌ಗೆ ಇಬ್ಬರು ಶಿಕ್ಷಕರು ಒಟ್ಟಿಗೆ ನಿಲ್ಲುತ್ತಾರೆ. ಅವರ ರುಜುವಾತಾದರೋ, ಒಂದು ಪಿರಿಯಡ್‌ಗೆ ಒಬ್ಬರೇ ಶಿಕ್ಷಕರು ಎಂದು ಹೇಳದೆಯೇ ಊಹಿಸಿಕೊಂಡಿತ್ತು. ಇಷ್ಟು ವರ್ಷ ಅದು ಅವರ ಕಣ್ಣಿಗೂ ಬಿದ್ದಿರಲಿಲ್ಲ, ಗೈಡ್ ಆಗಿದ್ದ ಪ್ರೊಫೆಸರರ ಕಣ್ಣಿಗೂ ಬಿದ್ದಿರಲಿಲ್ಲ.

ಭೌತಶಾಸ್ತ್ರದ ಗವಿಸಿದ್ದಪ್ಪ ಅವರ ಆಪ್ತ ಸಹೋದ್ಯೋಗಿ. ಸ್ಟಾಫ್ ರೂಮಿನಲ್ಲಿ ಅವರೊಬ್ಬರಿಗೇ ವಿಷಯ ಹೇಳಿದರು.

"ಪರೀಕ್ಷಕರು ಹಿಡೀತಾರಂತ ಏನು ಖಾತ್ರಿ ಐತ್ರಿ ಬಾಯಾರ?" ಎಂದರು ಗವಿಸಿದ್ದಪ್ಪ. "ಡಿಗ್ರಿ ಬಂದ ಮ್ಯಾಲ ತಿದ್ದಿ ಎಲ್ಲ್ಯರ ಛಾಪಸ್ರಿ."

ಆ ಮಾತು ನರ್ಮದಾಬಾಯಿಗೆ ಆಸೆ ಹುಟ್ಟಿಸದೆ ಇರಲಿಲ್ಲ. ನಾಲ್ಕಾರು ದಿನ ಅದನ್ನೇ ಹಿಡಿದುಕೊಂಡಿದ್ದರು. ಮಗಳ ಜಡೆ ಹಾಕಲು ಕೂತು, ಅರ್ಧಕ್ಕೇ ಕೈ ನಿಲ್ಲಿಸಿ ಗೋಡೆ ನೋಡಿದರು. ಶ್ರೀಪಾದ ಅದನ್ನು ಕಂಡು ಪಕ್ಕಕ್ಕೆ ಬಂದು ಕೂತರು.

"ಏನಾಗೇತಿ, ಹೇಳು."

"ತಪ್ಪು ಮಾಡೇನ್ರಿ. ಹೇಳಿದ್ರ ಐದು ವರ್ಷದ್ದು ನೀರಾಗ ಹೋಗಬಹುದು."

"ಹೇಳದಿದ್ರ?"

"ಹೇಳದಿದ್ರ ನಿದ್ದಿ ಬರಾಂಗಿಲ್ಲ."

"ಹಂಗಾದ್ರ ನಾಳಿನ ಗಾಡಿಗೆ ಹೋಗು. ಕಾಲೇಜಿಗೆ ಚೀಟಿ ನಾ ಕೊಟ್ಟು ಬರ್ತೀನಿ."

ಗಾಡಿಯಲ್ಲಿ ಅವರು ಮೂರು ಸಲ ಮಾತು ಜೋಡಿಸಿಕೊಂಡಿದ್ದರು. ಪ್ರೊಫೆಸರರ ಮುಂದೆ ಅದನ್ನೆಲ್ಲ ಬಿಟ್ಟು, ಟೈಮ್‌ಟೇಬಲ್ಲಿನ ಹಾಳೆಯನ್ನೇ ಮೇಜಿನ ಮೇಲೆ ಹಾಸಿ ತೋರಿಸಿದರು. ಪ್ರೊಫೆಸರರು ಪೆನ್ಸಿಲ್ ಹಿಡಿದು ಅದನ್ನು ಸಾಲುಸಾಲಾಗಿ ಪರಿಶೀಲಿಸಿದರು. ನಂತರ ಹೇಳಿದ್ದು, ಇದು ನಿಮ್ಮ ತಪ್ಪಲ್ಲ, ನಮ್ಮಿಬ್ಬರ ತಪ್ಪು. ವಿಧಾನ ಕೆಟ್ಟಿಲ್ಲ, ಅದರ ಮೇಲೆ ನಾವು ಹೇಳಿದ ಮಾತು ದೊಡ್ಡದಾಯಿತು ಅಷ್ಟೆ. ಪರೀಕ್ಷಕರಿಗೆ ಅಂದೇ ಬರೆದು ತಿಳಿಸಿದರು. ತಿದ್ದಿ ಕಳಿಸಲು ಸಂಸ್ಥೆ ಒಂದು ವರ್ಷ ಕೊಟ್ಟಿತು.

ತಿದ್ದುವುದು ಸುಲಭವಾಗಲಿಲ್ಲ. ಇಬ್ಬರು ಶಿಕ್ಷಕರ ಪಿರಿಯಡ್‌ಗಳು ಸೇರಿದರೆ ವಿಧಾನ ಎಷ್ಟು ಹೆಚ್ಚು ಕೇಳಬಹುದು? ಮೂರೋ, ಹತ್ತೋ, ಮಿತಿಯೇ ಇಲ್ಲವೋ? ದಸರೆ ಹೋಯಿತು, ದೀಪಾವಳಿ ಹೋಯಿತು. ಫೆಬ್ರುವರಿಯ ಒಂದು ಮಧ್ಯಾಹ್ನ ಪರೀಕ್ಷಾ ಹಾಲಿನಲ್ಲಿ ಮೇಲ್ವಿಚಾರಣೆಗೆ ನಿಂತಿದ್ದಾಗ ದಾರಿ ಹೊಳೆಯಿತು: ಎರಡಕ್ಕಿಂತ ಹೆಚ್ಚು ಎಂದೂ ಕೇಳುವುದಿಲ್ಲ. ಖಾಲಿ ಉತ್ತರ ಪತ್ರಿಕೆ ಬಳಸುವಂತಿರಲಿಲ್ಲ. ಗಂಟೆ ಹೊಡೆಯುವ ತನಕ ಬಾಯಲ್ಲೇ ಹೇಳಿಕೊಳ್ಳುತ್ತ ಸಾಲುಗಳ ನಡುವೆ ತಿರುಗಿದರು.

ಮೌಖಿಕ ಪರೀಕ್ಷೆ ಆದದ್ದು 1983ರ ಡಿಸೆಂಬರಿನಲ್ಲಿ. ಕಲ್ಕತ್ತೆಯಿಂದ ಬಂದಿದ್ದ ಪರೀಕ್ಷಕರು ಮೊದಲು ಕೈಯಿಟ್ಟದ್ದೇ ತಿದ್ದಿದ ಅಧ್ಯಾಯಕ್ಕೆ. ಹಳೆಯ ಪ್ರತಿಯಲ್ಲಿ ನನಗೂ ಅಲ್ಲೇ ಸಂಶಯ ಬಂದಿತ್ತು, ಬರೆಯುವಷ್ಟರಲ್ಲಿ ನಿಮ್ಮ ಪತ್ರವೇ ಬಂತು ಎಂದರು ಅವರು. ನರ್ಮದಾಬಾಯಿ ಎದ್ದು ಹೋಗಿ ಬೋರ್ಡಿನ ಮೇಲೆ ಮೊದಲಿನಿಂದ ಕೊನೆಯವರೆಗೆ ಬರೆದು ತೋರಿಸಿದರು. ಆಮೇಲೆ ಅವರನ್ನು ಹೊರಗೆ ಕೂರಿಸಿದರು. ಕಾಲು ಗಂಟೆಯೂ ಆಗಿರಲಿಲ್ಲ, ಬಾಗಿಲು ತೆಗೆದ ಪ್ರೊಫೆಸರರು "ಒಳಗೆ ಬನ್ನಿ, ಡಾಕ್ಟರ್" ಎಂದರು. ಯಾರನ್ನು ಕರೆಯುತ್ತಿದ್ದಾರೆಂದು ಇವರು ಹಿಂದೆ ತಿರುಗಿ ನೋಡಿದರಂತೆ.

ಬೆಟಗೇರಿಗೆ ಬಂದಾಗ ತುಳಸಾಬಾಯಿ ನೀರು ಕಾಸಿಟ್ಟಿದ್ದರು.

"ಇನ್ನ ಪರೀಕ್ಷಾ ಏನರ ಉಳದಾವೇನವಾ?"

"ಇಲ್ರಿ ಅತ್ತಿ. ಎಲ್ಲಾ ಮುಗದ್ವು."

"ಆತು ಹಂಗಾದ್ರ. ಜಳಕಾ ಮಾಡಿ ಉಂಡು ಮಲಕ್ಕೋ. ಯಾರೂ ಎಬ್ಬಸಾಂಗಿಲ್ಲ."

ಆ ರವಿವಾರ ನಾಲ್ವರೂ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಗದಗಿನ ಹತ್ತಿರದ ಮಾಗಡಿ ಕೆರೆಗೆ ಹೋದರು. ದೂರದೇಶದ ಬಾತುಗಳು ಆಗಷ್ಟೇ ಬಂದಿಳಿದಿದ್ದವು. ಮಗಳು ಎಣಿಸಲು ಹೋಗಿ ಲೆಕ್ಕ ತಪ್ಪಿ, ಎಷ್ಟಿರಬಹುದೆಂದು ಅವ್ವನನ್ನು ಕೇಳಿದಳು.

"ಗೊತ್ತಿಲ್ಲ ಪುಟ್ಟಿ," ಎಂದು ನರ್ಮದಾಬಾಯಿ ದಂಡೆಯ ಹುಲ್ಲಿನ ಮೇಲೆ ಕಾಲು ಚಾಚಿ, ಬಿಸಿಲಿಗೆ ಬೆನ್ನು ಕಾಯಿಸುತ್ತ ಕೂತರು.